ಶತ್ರುವಿನ ಕಣದಲ್ಲಿ ಅಮ್ಮ

ನಾನು ಹೇಳಿದ್ದು ಸಿಂಗಾಪುರ, ಅಪ್ಪ ಹಿಡಿದದ್ದು ವಿಯೆಟ್ನಾಂ. ಒಮ್ಮೆಯಾದರೂ ಮೂವರೂ ಹೊರದೇಶ ನೋಡಿ ಬರೋಣ ಎಂದು ನಾನು ಎಷ್ಟು ವರ್ಷ ಗೋಗರೆದರೂ "ತೋಟ ಯಾರು ನೋಡ್ಕೋತಾರೆ?" ಎಂಬ ಒಂದೇ ಪ್ರಶ್ನೆಯಲ್ಲಿ ನನ್ನ ಬಾಯಿ ಮುಚ್ಚಿಸುತ್ತಿದ್ದವರು, ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ತಾವಾಗಿಯೇ "ವಿಯೆಟ್ನಾಂ ಆದ್ರೆ ಬರ್ತೀನಿ" ಎಂದುಬಿಟ್ಟರು. ಅಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತು ಅವರ ಮುಖವನ್ನೇ ನೋಡುತ್ತಾ ನಿಂತಳು.

ಅಪ್ಪನಿಗೆ ಆ ದೇಶದ ಮೇಲೆ ಪ್ರೀತಿ ಉಕ್ಕಿ ಬಂದಿರಲಿಲ್ಲ. ನಮ್ಮದು ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ನೆರಳಿಗೆಂದು ಬೆಳೆಸಿದ ಸಿಲ್ವರ್ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮೆಣಸಿನ ಬೆಲೆ ಬಿದ್ದಾಗಲೆಲ್ಲ ಸೋಮವಾರಪೇಟೆಯ ವ್ಯಾಪಾರಿ ಕೈ ಮೇಲೆತ್ತಿ, "ವಿಯೆಟ್ನಾಂ ಮಾಲು ಬಂದು ಬಿದ್ದದೆ ಸ್ವಾಮಿ, ನಾನೇನ್ ಮಾಡ್ಲಿ?" ಎನ್ನುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ವಿಯೆಟ್ನಾಂ ಎನ್ನುವುದು ದೇಶದ ಹೆಸರಾಗಿ ಉಳಿದಿರಲಿಲ್ಲ, ಬೈಗುಳವಾಗಿತ್ತು. ಪಂಪ್‌ಸೆಟ್ ಕೆಟ್ಟರೂ ಅಪ್ಪ ಮೊದಲು ಬೈಯುತ್ತಿದ್ದದ್ದು ಅದನ್ನೇ.

"ಇಲ್ಲಿ ಸಿಗೋದೆಲ್ಲ ಬೆರಕೆ. ಅವರ ಮೆಣಸನ್ನ ಅವರ ನೆಲದಲ್ಲೇ ಒಂದ್ಸಲ ಕಚ್ಚಿ ನೋಡ್ಬೇಕು. ನಮ್ಮದಕ್ಕಿಂತ ಚೆನ್ನಾಗಿದ್ರೆ ಮುಗೀತು, ಮಳೆಗಾಲಕ್ಕೆ ಮುಂಚೆ ಬಳ್ಳಿ ಎಲ್ಲಾ ಕಿತ್ತು ಹಾಕಿಸ್ತೀನಿ. ಈ ಗೋಳು ಸಾಕು" ಎಂದರು ಅಪ್ಪ. ಸೊರಗು ರೋಗಕ್ಕೆ ಔಷಧಿ ಹೊಡೆದು ಹೊಡೆದು ಅವರು ಬೇಸತ್ತಿದ್ದರು ನಿಜ. ಆದರೆ ಆ ಬಳ್ಳಿಗಳು ಅಮ್ಮನವು. ಮದುವೆಯಾಗಿ ಬಂದ ವರ್ಷ ತವರಿನಿಂದ ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಒಂದೊಂದನ್ನೂ ತಾನೇ ಮರಕ್ಕೆ ಕಟ್ಟಿದವಳು ಅವಳು. ಅಪ್ಪ ಹಾಗೆ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಮಾತ್ರ ಒಲೆಯ ಕಡೆ ತಿರುಗಿದಳು. ಹೊರಡುವ ದಿನ ಪೂಜೆಗೆ ಕೂತಾಗ ಪಿಸುಗುಟ್ಟಿದ್ದು ಕೇಳಿಸಿತು: "ಸ್ವಾಮೀ, ಅವರ ಮೆಣಸು ಜೊಳ್ಳಾಗಿರಲಿ." ಉಳಿದವರು ಸುಖಪ್ರಯಾಣ ಬೇಡಿಕೊಂಡು ಮನೆ ಬಿಡುತ್ತಾರೆ, ನಮ್ಮಮ್ಮ ಬೇಡಿಕೊಂಡದ್ದು ಇದನ್ನು.

ಅಲ್ಲಿಯ ದೊಡ್ಡ ನಗರದಲ್ಲಿ ನಮಗೆ ಮೊದಲು ಎದುರಾದದ್ದು ಸ್ಕೂಟರುಗಳ ಹಿಂಡು. ರಸ್ತೆ ದಾಟಬೇಕೆಂದರೆ ನಿಲ್ಲದೆ, ಓಡದೆ, ಅವುಗಳ ನಡುವೆ ಸುಮ್ಮನೆ ನಡೆಯುತ್ತಾ ಹೋಗಬೇಕಂತೆ. ನಮ್ಮ ಗುಂಪನ್ನು ಕರೆದುಕೊಂಡು ಹೋಗುತ್ತಿದ್ದ ಗೈಡ್ ಹೆಂಗಸು ಇದನ್ನು ಇಂಗ್ಲಿಷಿನಲ್ಲಿ ವಿವರಿಸಿದರು, ನಾನು ಕನ್ನಡದಲ್ಲಿ ಅಪ್ಪನಿಗೆ ಹೇಳಿದೆ. "ಕಾಡಾನೆ ಆದ್ರೂ ದಾಟಿ ಆದ್ಮೇಲೆ ದಾರಿ ಬಿಡ್ತದೆ ಮಗಾ, ಇವು ಮುಗಿಯೋದೇ ಇಲ್ವಲ್ಲ!" ಎಂದ ಅಪ್ಪ ರಸ್ತೆಯ ಮಧ್ಯೆ ನಿಂತು ಪೊಲೀಸಿನವರ ಹಾಗೆ ಕೈ ತೋರಿಸಿದರು. ಯಾರೂ ನಿಲ್ಲಲಿಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ತೋಳು ಹಿಡಿದು, ಎಡಬಲ ನೋಡದೆ ದಾಟಿಸಿಬಿಟ್ಟಳು.

ಊಟದ ಪಾಡು ಕೇಳಬೇಡಿ. ನಾವು ಮಾಂಸ ಮುಟ್ಟದವರು, ಅಲ್ಲಿ ಸೊಪ್ಪಿನ ಸಾರಿಗೂ ಮೀನಿನ ರಸ ಬೀಳುತ್ತದೆ. ಹೋಟೆಲಿನ ಕೋಣೆಯಲ್ಲಿ ಅಮ್ಮ ತಂದಿದ್ದ ರೊಟ್ಟಿ, ಚಟ್ನಿಪುಡಿಯೇ ನಮ್ಮ ಭೋಜನ. ಕಾಫಿಯಾದರೂ ಕುಡಿಯೋಣವೆಂದರೆ, ಲೋಟದ ತಳದಲ್ಲಿ ಗಟ್ಟಿ ಸಿಹಿ ಹಾಲು ಸುರಿದು, ಅದರ ಮೇಲೆ ಡಿಕಾಕ್ಷನ್ ತೊಟ್ಟಿಕ್ಕಿಸಿ ಕೊಟ್ಟರು. ಅಪ್ಪ ಒಂದು ಗುಟುಕು ಕುಡಿದು, "ಇದಕ್ಕೆ ದ್ರಾಕ್ಷಿ, ಗೋಡಂಬಿ ಹಾಕಿದ್ರೆ ಪಾಯಸ" ಎಂದರು. ಆಮೇಲೆ ಇನ್ನೊಂದು ಲೋಟ ತರಿಸಿಕೊಂಡರು. ಶತ್ರುವನ್ನು ಪೂರ್ತಿ ತಿಳಿಯಬೇಕಲ್ಲ.

ಮುಂದೆ ನಮ್ಮ ಬಸ್ಸು ಗುಡ್ಡದ ಸೀಮೆಗೆ ಹತ್ತಿತು. ಹತ್ತಿದಷ್ಟೂ ನನ್ನ ಉತ್ಸಾಹ ಇಳಿಯತೊಡಗಿತು. ತಿರುವು ರಸ್ತೆ, ಮಂಜು, ತಂಪು ಗಾಳಿ, ರಸ್ತೆಯ ಎರಡೂ ಬದಿಗೆ ಕಾಫಿ, ಅಲ್ಲಲ್ಲಿ ಹೋಂಸ್ಟೇ ಬೋರ್ಡು. ಇಷ್ಟೆಲ್ಲ ಖರ್ಚು ಮಾಡಿಕೊಂಡು ನಾನು ಅಪ್ಪ ಅಮ್ಮನನ್ನು ವಾಪಸ್ ಮಾದಾಪುರಕ್ಕೇ ಕರೆತಂದಿದ್ದೆ. ಮುಂದೆ ಒಂದು ಸುಂದರ ಜಲಪಾತ ಇದೆ ಎಂದು ಗೈಡ್ ಹೇಳಿದಾಗ, "ನಮ್ಮೂರಿನ ಜಲಪಾತಾನೇ ಟೂರಿಸ್ಟ್‌ಗಳ ಕಾಟಕ್ಕೆ ನೋಡಕ್ಕಾಗ್ತಿಲ್ಲ, ಇಲ್ಲಾದ್ರೂ ನಾವೇ ಕಾಟ ಕೊಡೋಣ ಬಿಡು" ಎಂದಳು ಅಮ್ಮ.

ದಾರಿಯುದ್ದಕ್ಕೂ ಹಸಿರು ಕಂಬಗಳ ಸಾಲು ಕಾಣಿಸುತ್ತಿತ್ತು. ಅಪ್ಪ ಅವುಗಳನ್ನು ಯಾವುದೋ ಅಲಂಕಾರದ ಗಿಡ ಎಂದುಕೊಂಡು ಗಮನ ಕೊಟ್ಟಿರಲಿಲ್ಲ. ಕಾಫಿ ಅಂಗಡಿಯೊಂದರ ಮುಂದೆ ಬಸ್ಸು ನಿಂತಾಗಲೇ ಗೊತ್ತಾದದ್ದು, ಅವು ಮೆಣಸಿನ ಬಳ್ಳಿಗಳು. ಅವರು ಸಿಮೆಂಟಿನ ಕಂಬಕ್ಕೇ ಬಳ್ಳಿ ಹಬ್ಬಿಸುತ್ತಾರೆ. "ಮರ ಇಲ್ಲದೆ ಮೆಣಸು!" ಎಂದು ಅಪ್ಪ ಬಾಯಿ ಬಿಟ್ಟರು. ಅಂಗಡಿಯ ಪಕ್ಕದ ಮನೆಯಂಗಳದಲ್ಲಿ ಅದೇ ಮೆಣಸು ಒಣಗಲು ಹರಡಿತ್ತು. ಅಪ್ಪ ಬೇಲಿಯ ಈಚೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಗಂಡಿನ ಮನೆ ನೋಡಲು ಬಂದ ಹೆಣ್ಣಿನ ಅಪ್ಪನ ಹಾಗೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಮ್ಮ ಅವರ ಹಿಂದೆ ನಿಂತು ಅವರ ಮುಖವನ್ನು ನೋಡುತ್ತಿದ್ದಳು.

ಆಗ ಮೋಡ ಕವಿಯಿತು. ಗಾಳಿ ಬೀಸಿತು, ಮಣ್ಣಿನ ವಾಸನೆ ಬಂತು, ಒಂದು ದಪ್ಪ ಹನಿ ನನ್ನ ಕನ್ನಡಕದ ಮೇಲೆ ಬಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆ ಕಣದಲ್ಲಿ ಕಾಫಿ, ಮೆಣಸು ಹರಡಿರುವಾಗ ಮಳೆ ಬಂದರೆ, ಕಣ ಯಾರದೆಂದು ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಹೋಗುವವರೂ ಒಳಗೆ ನುಗ್ಗಿ ಗುಡ್ಡೆ ಮಾಡುತ್ತಾರೆ. ಬೇಲಿ ಜಗಳದಿಂದ ಮಾತು ಬಿಟ್ಟಿರುವ ಪಕ್ಕದ ತೋಟದವರ ಕಾಫಿಯನ್ನು ಅಪ್ಪ ಹಾಗೆ ಎಷ್ಟೋ ಸಲ ಉಳಿಸಿದ್ದಾರೆ. ಉಳಿಸಿ, ಮಾತಾಡದೆ ವಾಪಸ್ ಬಂದಿದ್ದಾರೆ.

"ರೀ, ಮಳೆ!" ಎಂದು ಕೂಗಿದ್ದೊಂದೇ, ಅಮ್ಮ ಬೇಲಿಯ ಗೇಟು ತಳ್ಳಿಕೊಂಡು ಒಳಗಿದ್ದಳು. ಹೋಗುವ ಮುನ್ನ ಚಪ್ಪಲಿ ಬಿಡುವುದನ್ನು ಮಾತ್ರ ಮರೆಯಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಹಲಗೆ ಎತ್ತಿಕೊಂಡು ಮೆಣಸು ಎಳೆಯತೊಡಗಿದಳು. ಆ ಮೆಣಸು ಜೊಳ್ಳಾಗಲಿ ಎಂದು ದೇವರ ಮುಂದೆ ಕೂತಿದ್ದವಳು ಇವಳೇ. ಅಪ್ಪ ಅರೆಕ್ಷಣ ತಡವರಿಸಿದರು, ಆಮೇಲೆ ಪ್ಯಾಂಟು ಮಡಚಿ ಅವರೂ ಓಡಿದರು. "ಅಲ್ಲಲ್ಲ, ಇಳಿಜಾರು ಈ ಕಡೆ ಅದೆ, ನೀರು ಇಲ್ಲೇ ನುಗ್ತದೆ. ಆ ಮೂಲೆಗೆ ಎಳಿ! ಮಗಾ, ನೀನೇನು ಫೋಟೋ ತೆಗೀತಾ ನಿಂತಿದ್ದೀಯ, ಟಾರ್ಪಾಲ್ ನೋಡು!" ಎಂದು ಪರದೇಶದಲ್ಲಿ, ಪರರ ಅಂಗಳದಲ್ಲಿ, ಅಪ್ಪ ಗದರಿಸತೊಡಗಿದರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದು ನೋಡುತ್ತಿದ್ದರು.

ಸದ್ದಿಗೆ ಮನೆಯೊಳಗಿಂದ ಒಬ್ಬ ವಯಸ್ಸಾದ ಹೆಂಗಸು ಹೊರಬಂದರು. ತನ್ನ ಅಂಗಳದಲ್ಲಿ ಸೀರೆ ಎತ್ತಿಕಟ್ಟಿದ ಹೆಂಗಸು, ಹಣೆಗೆ ವಿಭೂತಿ ಬಳಿದ ಗಂಡಸು ಮೆಣಸು ಬಾಚುತ್ತಿರುವುದನ್ನು ಕಂಡು ಅವರು ಚೀರಿದ್ದು ಬಹುಶಃ "ಕಳ್ಳರು" ಎಂದೇ. ಅಮ್ಮ ಹಲಗೆ ಬಿಡದೆ, ಕೆಲಸದ ನಡುವೆ ಗಲ್ಲ ಎತ್ತಿ ಆಕಾಶ ತೋರಿಸಿದಳು. ಆ ಹೆಂಗಸು ಮೇಲೆ ನೋಡಿದರು, ಅಮ್ಮನನ್ನು ನೋಡಿದರು, ಓಡಿ ಟಾರ್ಪಾಲ್ ತಂದರು. ನಾಲ್ಕು ಮೂಲೆಗೆ ನಾಲ್ವರು ಕಲ್ಲು ಹೇರುತ್ತಿದ್ದ ಹಾಗೆ ಮಳೆ ಸುರಿಯಿತು.

ಜಗುಲಿಯ ಮೇಲೆ ನಾವು ಏದುಸಿರು ಬಿಡುತ್ತಾ ನಿಂತೆವು. ಅಷ್ಟರಲ್ಲಿ ಕೊಡೆ ಹಿಡಿದು ಬಂದ ಗೈಡ್ ಮುಖ ಗಂಟಿಕ್ಕಿಕೊಂಡೇ ಮಾತು ಆಚೀಚೆ ದಾಟಿಸತೊಡಗಿದರು. ನಾವೂ ಮೆಣಸು ಬೆಳೆಯುವವರೇ ಎಂದು ಹೇಳಿಸಿದ ಅಪ್ಪ, ಇನ್ನು ತಡೆಯಲಾರದೆ "ಬೆಲೆ ಯಾಕೆ ಹಿಂಗೆ ಬೀಳಿಸ್ತಾರೆ ಕೇಳು" ಎಂದರು. ಆ ಹೆಂಗಸು ಕೈ ಬೀಸಿ ಬೀಸಿ ಬಹಳ ಹೊತ್ತು ಮಾತಾಡಿದರು. ಗೈಡ್ ಮುಜುಗರಪಡುತ್ತಾ ನನಗೆ ಹೇಳಿದರು, ನಾನು ಅಪ್ಪನಿಗೆ ಹೇಳಿದೆ: "ಬೆಲೆ ಬಿದ್ದಾಗೆಲ್ಲ ಇವರ ವ್ಯಾಪಾರಿ, ಇಂಡಿಯಾದಲ್ಲಿ ಬೆಳೆ ಜಾಸ್ತಿ ಆಗಿದೆ, ಎಲ್ಲಾ ಅವರಿಂದಲೇ ಅಂತಾನಂತೆ."

ಅಪ್ಪ ನನ್ನನ್ನು ನೋಡಿದರು. ಟಾರ್ಪಾಲಿನ ಗುಡ್ಡೆಯನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. "ಇವರ ಸಾಹುಕಾರನಿಗೂ ನಮ್ಮವನಿಗೂ ಒಬ್ಬನೇ ಮೇಷ್ಟ್ರು ಪಾಠ ಹೇಳಿರ್ಬೇಕು" ಎಂದರು. ನಾನು ಅದನ್ನೂ ದಾಟಿಸಿದೆ. ಆ ಹೆಂಗಸು ಜಗುಲಿಯ ಕಂಬ ಹಿಡಿದುಕೊಂಡು ನಕ್ಕರು.

ನಕ್ಕು ಮುಗಿಸಿ ಅವರು ಒಳಗೆ ಹೋಗಿ, ಒಣಗಿ ಸಿದ್ಧವಾಗಿದ್ದ ಮೆಣಸನ್ನು ಬೊಗಸೆಯಲ್ಲಿ ತಂದು ಅಪ್ಪನ ಅಂಗೈಗೆ ಸುರಿದರು. ಅಮ್ಮನ ನಗು ಅಲ್ಲೇ ನಿಂತಿತು. ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು, ಕಾಲ್ಬೆರಳುಗಳಿಗೆ ಮಣ್ಣು ಮೆತ್ತಿತ್ತು. ಅಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಡಿದರು. ನಾನೂ ಒಂದನ್ನು ತೆಗೆದುಕೊಂಡೆ. ನಾಲಗೆಯಿಂದ ಕಿವಿಯವರೆಗೂ ಬೆಂಕಿ ಹತ್ತಿತು, ಅಷ್ಟು ಒಳ್ಳೆಯ ಮೆಣಸು. ನನಗೆ ಅಮ್ಮನ ಕಡೆ ನೋಡುವ ಧೈರ್ಯವಾಗಲಿಲ್ಲ.

ಅಪ್ಪ ನಿಧಾನವಾಗಿ ಅಗಿದರು, ನುಂಗಿದರು. ಅವರ ಎರಡೂ ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಖಾರ ಸಾಲದು ಕಣೇ" ಎಂದರು. "ನಿನ್ನದೇ ವಾಸಿ."

ಅಮ್ಮ ಮುಂದೆ ಬಂದು ಅವರ ಅಂಗೈಯಿಂದ ಒಂದು ಕಾಳು ಹೆಕ್ಕಿ ತಾನೂ ಕಡಿದಳು. ಕೆಮ್ಮು ಬಂತು. ಒದ್ದೆ ಸೆರಗಿನಿಂದ ಮೊದಲು ಅಪ್ಪನ ಕಣ್ಣು ಒರೆಸಿದಳು, ಆಮೇಲೆ ತನ್ನದು.

"ಹೂಂ ರೀ," ಎಂದಳು, "ಬರೀ ಸಪ್ಪೆ."