ಬಲಕ್ಕೆ ಬಿದ್ದ ಹೂವು

ಗಾದಿಗನೂರಿನ ನಮ್ಮ ಮನೆಯಲ್ಲಿ ಯಾವುದಾದರೂ ವಿಷಯ ಇತ್ಯರ್ಥವಾಗದಿದ್ದರೆ ದೇವಿಯ ಗುಡಿಗೆ ಹೋಗಿ ಹೂ ಕೇಳುತ್ತಾರೆ. ಪೂಜಾರಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಕೊಳವೆಬಾವಿ ಎಲ್ಲಿ ಕೊರೆಸಬೇಕು, ಯಾವ ಮನೆಯ ಹೆಣ್ಣು ತರಬೇಕು, ಎಲ್ಲದಕ್ಕೂ ಅದೇ. ನನಗೆ ಇದರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಯಾವ ಕಡೆ ನೀರು ಮೊದಲು ಆರುತ್ತದೋ ಆ ಕಡೆಯ ಹೂ ಬೀಳುತ್ತದೆ ಎನ್ನುವವಳು ನಾನು.

ನನ್ನ ಅಣ್ಣ ಆಗ ಹೊಸಪೇಟೆ ಹತ್ತಿರ ಒಂದು ಗೋದಾಮಿನ ಚಾವಣಿಗೆ ಶೀಟು ಕೂರಿಸುವ ಕೆಲಸದಲ್ಲಿದ್ದ. ಅವನ ಜೊತೆಗಾರ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಸೇಫ್ಟಿ ಬೆಲ್ಟ್ ಕೊಟ್ಟಿದ್ದೆ, ಅವನೇ ಹಾಕಿಕೊಳ್ಳಲಿಲ್ಲ ಎಂದ ಗುತ್ತಿಗೆದಾರ. ಬೆಲ್ಟು ಕೊಟ್ಟೇ ಇರಲಿಲ್ಲ. ಬಿದ್ದವನನ್ನು ಬಿಟ್ಟರೆ ಅದು ಗೊತ್ತಿದ್ದವನು ಜೊತೆಯಲ್ಲೇ ಮೇಲಿದ್ದ ಅಣ್ಣ ಒಬ್ಬನೇ. ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿ ನಿಜ ಹೇಳಿದರೆ ಅಣ್ಣನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ತಪ್ಪೆಲ್ಲ ಆಸ್ಪತ್ರೆಯಲ್ಲಿ ಮಲಗಿದವನ ತಲೆಗೆ ಬರುತ್ತದೆ.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಅಣ್ಣ ಹೂ ಕೇಳಲು ಹೊರಟ. ನಾನೂ ಅವ್ವನೂ ಜೊತೆಗೆ ಹೋದೆವು.

"ಸುಮ್ನಿರ್ಲೇನು ತಾಯಿ?" ಎಂದು ಕೇಳಿದ.

ಕೇಳಿದ ರೀತಿಯಲ್ಲೇ ಅವನ ಬಯಕೆ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವೇ ಬಿತ್ತು, ಪೂಜಾರಿ ಗಂಟೆ ಬಾರಿಸಿದ.

ಮನೆಗೆ ಬಂದಮೇಲೆ ಅವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಣ್ಣ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕುಳಿತ.

"ಉಣ್ಣಪಾ. ದೇವಿ ಅಪ್ಪಣಿ ಕೊಟ್ಟಾಳಲ್ಲ?" ಎಂದಳು ಅವ್ವ.

"ಕೊಟ್ಟಾಳ. ಆದ್ರ ಅವನ ಮಾರಿ ಕಣ್ಮುಂದ ಬರ್ತೈತಬೇ. ತುತ್ತು ಇಳೀವಲ್ದು."

ಹೂವಿನ ಬಗ್ಗೆ ನನ್ನ ಎಂದಿನ ಭಾಷಣಕ್ಕೆ ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ತಡೆದಳು.

"ಹಂಗಾರ ದೇವಿ ಮಾತು ಇನ್ನಾ ಮುಗಿದಿಲ್ಲ," ಎಂದಳು ಅಣ್ಣನಿಗೆ. "ಪೂರಾ ಕೇಳು."

ಮರುದಿನ ಅಣ್ಣ ಕಂಡದ್ದನ್ನು ಕಂಡ ಹಾಗೆ ಹೇಳಿಬಂದ. ಜೊತೆಗಾರನಿಗೆ ಪರಿಹಾರ ಸಿಕ್ಕಿತು. ಅಣ್ಣನನ್ನು ಆ ಗುತ್ತಿಗೆದಾರ ಮತ್ತೆ ಕರೆಯಲಿಲ್ಲ, ಸುದ್ದಿ ಹಬ್ಬಿ ಬೇರೆಯವರೂ ಕರೆಯಲಿಲ್ಲ. ಈಗ ಕಂಪ್ಲಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ.

ಅವನು ಕೆಲಸವಿಲ್ಲದೆ ಮನೆಯಲ್ಲಿದ್ದಾಗ ಒಮ್ಮೆ ನಾನು ಅವ್ವನನ್ನು ಕೆಣಕಿದೆ. "ದೇವಿ ಮಾತು ಮೀರಿದ್ನಲ್ಲಬೇ ನಿನ್ನ ಮಗ. ಸುಮ್ನಿರು ಅಂತ ಹೂ ಕೊಟ್ಟಿದ್ಲಲ್ಲ?"

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಸುಮ್ನಿರು ಅಂದಿದ್ಲು, ಖರೇ. ಸುಮ್ನಿದ್ರ ಉಣ್ಣಾಕ ಬಿಡ್ತೀನಿ ಅಂದಿದ್ಲೇನು?"