ಮೊಟ್ಟೆಯ ಕೋಣೆ

ಜಪಾನಿನ ತಕಮತ್ಸು ಊರಿನ ಕ್ಷೌರಿಕ ಕುರಮೋಚಿಯ ಕತ್ತರಿಗೆ ತಲೆ ಕೊಟ್ಟವರೆಲ್ಲ ಅವನು ಸಾಕಿದ ಕುಳ್ಳ ಊಸರವಳ್ಳಿಗಳ ಸುದ್ದಿಗೆ ಕಿವಿಯನ್ನೂ ಕೊಡಬೇಕಿತ್ತು. ಹೆಬ್ಬೆರಳುದ್ದದ ಆ ಪ್ರಾಣಿ ಮಣ್ಣಿನಲ್ಲಿ ಮೊಟ್ಟೆಯಿಟ್ಟಿತೆಂದರೆ ಅರ್ಧ ಬೋಳಿಸಿದ ಗಡ್ಡವನ್ನೂ ಬಿಟ್ಟು ಒಳಗೆ ಓಡುವ ಆಸಾಮಿ ಅವನು. ಅಕ್ಕಿಕಾಳಿಗಿಂತ ತುಸು ದಪ್ಪಗಿನ ಮೊಟ್ಟೆಗಳನ್ನು ಪುಟ್ಟ ಚಮಚದಲ್ಲಿ ಎತ್ತಿ, ಮಗುಚದಂತೆ, ಉಸಿರು ಬಿಗಿಹಿಡಿದು ಒದ್ದೆ ಪಾಚಿಯ ಡಬ್ಬಿಯಲ್ಲಿಡುತ್ತಿದ್ದ. ಆಮೇಲೆ ಅಂಗಡಿಯ ಬಾಗಿಲನ್ನು ಜೋರಾಗಿ ಎಳೆದವರಿಗೆ ಉಳಿಗಾಲವಿಲ್ಲ. “ಮೆಲ್ಲಗೆ ಅಣ್ಣ, ಒಳಗೆ ಬಾಣಂತನ ನಡೀತಿದೆ!” ಈ ಬೇಸಿಗೆಯಲ್ಲಂತೂ ಸೆಕೆಗೆ ಮೊಟ್ಟೆ ಕೆಟ್ಟೀತೆಂದು ಮನೆಯ ಒಂದೇ ಒಂದು ಏಸಿಯನ್ನು ಅವುಗಳ ಕೋಣೆಗೆ ಹಾಕಿಸಿ, ತಾನೂ ಅಲ್ಲೇ ಮಲಗತೊಡಗಿದ. ಗೊರಕೆಯ ಜಗಳದಿಂದಾಗಿ ಎಷ್ಟೋ ವರ್ಷಗಳಿಂದ ಮಹಡಿಯಲ್ಲಿ ಬೇರೆ ಮಲಗುತ್ತಿದ್ದ ಹೆಂಡತಿ ಫುಸಾಎ ಕೆಲವು ದಿನ ಬೆವರಿ, ಕೊನೆಗೆ ಹಾಸಿಗೆ ಹೊತ್ತು ಇಳಿದು ಬಂದಳು. “ಹಲ್ಲಿಗಳಿಗೆ ತಂಪು, ಹೆಂಡತಿಗೆ ಸೆಕೆನಾ? ಸ್ವಲ್ಪ ಆ ಕಡೆ ಸರೀರಿ.” ಅವನು ಗೋಡೆಯತ್ತ ಸರಿದ. ಮೊಟ್ಟೆ ಒಡೆದು ಉಗುರಿಗಿಂತ ಚಿಕ್ಕ ಮರಿಗಳು ತಲೆ ಹೊರಹಾಕಿದ ಬೆಳಿಗ್ಗೆ ಇಬ್ಬರೂ ಡಬ್ಬಿಯ ಮುಂದೆ ಮಂಡಿಯೂರಿ ಕೂತು ಚಹಾ ತಣ್ಣಗಾಗುವವರೆಗೂ ನೋಡುತ್ತಿದ್ದರು. ಸೆಕೆ ಇಳಿಯಿತು, ಏಸಿ ನಿಂತಿತು. ಫುಸಾಎ ಮಹಡಿಗೆ ಮರಳಲು ಹಾಸಿಗೆ ಸುತ್ತಿ ಎತ್ತಿಕೊಂಡವಳು, ಒಂದು ಊಸರವಳ್ಳಿಯಿದ್ದ ಮೂಲೆಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. “ರೀ, ಇದು ಮಣ್ಣು ಕೆದಕ್ತಿರೋ ಹಾಗಿದೆ. ಮತ್ತೆ ಮೊಟ್ಟೆ ಇಡುತ್ತೇನೋ. ನೋಡ್ಕೊಳ್ಳೋಕೆ ಒಬ್ಬರು ಸಾಲದು, ಅಲ್ವಾ?” ಆ ಪೆಟ್ಟಿಗೆಯಲ್ಲಿದ್ದುದು ಗಂಡು. ಕುರಮೋಚಿ ಬಗ್ಗಿ ಬಹಳ ಹೊತ್ತು ನೋಡಿದ. “ಹೌದು ಕಣೇ, ಇಡೋ ಹಾಗೇ ಕಾಣುತ್ತೆ” ಎಂದ.