ಕಪ್ಪತಗುಡ್ಡದ ಬೇಸಿಗಿ ಮಳಿ

ಕಪ್ಪತಗುಡ್ಡಕ್ಕೆ ಬೀಳುವ ಮಳೆಯಲ್ಲಿ ತುಂಗಭದ್ರೆಗೆ ಇಳಿಯುವುದೆಷ್ಟು ಅಂತ ಲೆಕ್ಕ ಇಡುವುದು ನನ್ನ ಕೆಲಸ. ಮಳೆ ಅಳೆಯಲು ನೆತ್ತಿಯ ಬಂಡೆಯ ಮೇಲೆ ಅಗಲ ಬಾಯಿಯ ಪಾತ್ರೆ ಇಟ್ಟಿದ್ದೆ. ಕೆಳಗೆ ಮುಂಡರಗಿಯಲ್ಲಿ ಹನಿ ಬೀಳದ ಕಡುಬೇಸಿಗೆ. ಪಾತ್ರೆಯಲ್ಲಿ ಮಾತ್ರ ಪ್ರತಿವಾರ ನೀರು! ಗುಡ್ಡ ಗುಟ್ಟಾಗಿ ಮೋಡ ಕರೆಸಿಕೊಳ್ಳುತ್ತದೆ ಅಂದುಕೊಂಡು, ಕನಸಿನಲ್ಲಿದ್ದವನಂತೆ ಮಳೆ ಬರೆದುಕೊಳ್ಳುತ್ತಿದ್ದೆ.

ಒಂದಿನ ನೋಡಿದರೆ, ಆಡು ಕಾಯುವ ಹುಸೇನಬಿ ತನ್ನ ಬಾಟಲಿಯ ನೀರನ್ನು ಆ ಪಾತ್ರೆಗೆ ಸುರಿಯುತ್ತಿದ್ದಾಳೆ.

"ಅವ್ವಾ, ಏನ್ ಮಾಡಾಕತ್ತೀರಿ?"

"ಹಕ್ಕಿ ಸಲುವಾಗಿ ಪಾತ್ರಿ ಇಟ್ಟು, ನೀರು ಹಾಕೂದು ಮರ್ತೀರಲ್ರಿ ಸಾಹೇಬ್ರ. ಪಾಪ, ಬಂದು ಬಂದು ಹೊಳ್ಳಿ ಹೋಗ್ತಿದ್ವು."

ಅಷ್ಟರಲ್ಲಿ ಪಿಕಳಾರವೊಂದು ಬಂದು ಕೂತು, ನೀರೊಳಗಿನ ಆಕಾಶಕ್ಕೆ ಕೊಕ್ಕು ಅದ್ದಿತು. ಆಕೆಯ ಬಾಟಲಿಯಲ್ಲಿ ಇನ್ನೊಂದೇ ಗುಟುಕು ಉಳಿದಿತ್ತು.

ಪುಸ್ತಕ ತೆಗೆದು ಅಷ್ಟೂ ಮಳೆ ಹೊಡೆದುಹಾಕಿದೆ. ಆ ಬೇಸಿಗೆಯಲ್ಲಿ ಗುಡ್ಡಕ್ಕೆ ಬಿದ್ದದ್ದು ಆಕೆ ಸುರಿದ ಮಳೆಯೊಂದೇ.